ಫಾರ್ಮಿನಲ್ಲಿ ಹೆಸರಿಲ್ಲದ ಕಲ್ಲು

ಸಂಜಯನಗರದ ಸಣ್ಣ ಸ್ಟ್ರಕ್ಚರಲ್ ಕನ್ಸಲ್ಟೆನ್ಸಿಯೊಂದರಲ್ಲಿ ಸಹಾಯಕ ಇಂಜಿನಿಯರಾಗಿ ನನಗಿದು ನಾಲ್ಕನೆಯ ವರ್ಷ. ಹಳೆಯ ಅಥವಾ ಪೆಟ್ಟು ತಿಂದ ಕಟ್ಟಡವನ್ನು ನೋಡಿ, ಬಡಿದು, ಅಳೆದು, ಇದು ನಿಲ್ಲುತ್ತದೆ ಅಥವಾ ನಿಲ್ಲುವುದಿಲ್ಲ ಎಂದು ಬರೆದುಕೊಡುವುದು ನಮ್ಮ ಕೆಲಸ. ನಾಲ್ಕು ವರ್ಷದ ಅನುಭವಕ್ಕೆ ಇಷ್ಟು ದೊಡ್ಡ ಮಾತೇ ಎಂದು ಹಿರಿಯರು ಕೇಳಬಹುದು. ಕೇಳಲಿ. ತಪ್ಪು ಮಾಡಲು ನಾಲ್ಕು ವರ್ಷ ಸಾಕಾಗುತ್ತದೆ ಎಂದಾದರೆ ಅದರ ಬಗ್ಗೆ ಬರೆಯಲೂ ಸಾಕು.

ಯಲಹಂಕದ ಕಾಲೇಜಿನಲ್ಲಿ ನಾನು ಕಲಿತದ್ದು ಅರ್ಧ ಇಂಜಿನಿಯರಿಂಗ್, ಅರ್ಧ ಚರ್ಚಾಸ್ಪರ್ಧೆ. ಅಲ್ಲಿ ನಮಗೆ ಮೊದಲ ದಿನವೇ ಹೇಳಿಕೊಟ್ಟ ಪಾಠ, ವಿಷಯದ ವ್ಯಾಖ್ಯೆಯನ್ನು ಯಾರು ಮಾಡುತ್ತಾರೋ ಅವರು ಅರ್ಧ ಗೆದ್ದಂತೆ. ‘ಅಭಿವೃದ್ಧಿ ಎಂದರೆ ಇಷ್ಟು’ ಎಂದು ನೀವು ಗೆರೆ ಎಳೆದುಬಿಟ್ಟರೆ ಎದುರಾಳಿ ಆ ಗೆರೆಯೊಳಗೇ ಒದ್ದಾಡಬೇಕು. ಈ ವಿದ್ಯೆಯಲ್ಲಿ ನಾನು ಎಷ್ಟು ಪಳಗಿದ್ದೆನೆಂದರೆ ಮನೆಯಲ್ಲಿ ಅಮ್ಮ ನನ್ನನ್ನು ಸಾರಿಗೆ ಉಪ್ಪು ಸಾಕೇ ಎಂದು ಕೇಳುವುದನ್ನೂ ಬಿಟ್ಟಿದ್ದರು.

ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಕೋಗಿಲು ಕಡೆಯ ಒಂದಷ್ಟು ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ಮಳೆನೀರು ನಿಂತು, ಅವುಗಳ ತಪಾಸಣೆ ನಮ್ಮ ಪಾಲಿಗೆ ಬಂತು. ಆಗ ಟ್ಯಾಬ್ಲೆಟ್ಟಿನಲ್ಲಿ ತುಂಬುವ ಒಂದು ಫಾರ್ಮನ್ನು ನಾನೇ ತಯಾರಿಸಿದೆ. ಒಟ್ಟು ನೂರು ಅಂಕ. ಬಿರುಕಿಗೆ ಇಷ್ಟು, ಅಡಿಪಾಯಕ್ಕೆ ಇಷ್ಟು, ಛಾವಣಿಗೆ ಇಷ್ಟು. ಗೋಡೆ ಯಾವುದರದ್ದು ಎಂಬುದಕ್ಕೆ ಇಪ್ಪತ್ತು: ಆರ್‌ಸಿಸಿ, ಅಂದರೆ ಕಂಬಿ ಹಾಕಿದ ಕಾಂಕ್ರೀಟಿನ ಚೌಕಟ್ಟಾದರೆ ಇಪ್ಪತ್ತು, ಸಿಮೆಂಟಿನಲ್ಲಿ ಕಟ್ಟಿದ ಇಟ್ಟಿಗೆಯಾದರೆ ಹದಿನೈದು, ‘ಇತರೆ’ಯಾದರೆ ಸೊನ್ನೆ. ಕಂಬದ ಪರೀಕ್ಷೆಗೆ ಇಪ್ಪತ್ತೈದು. ನಲವತ್ತಕ್ಕಿಂತ ಕಡಿಮೆ ಬಂದರೆ ಟ್ಯಾಬ್ಲೆಟ್ ತಾನಾಗಿಯೇ ಕೆಂಪು ತೋರಿಸುತ್ತದೆ. ಕೋಗಿಲಿನಲ್ಲಿ ‘ಇತರೆ’ ಎಂದರೆ ತಗಡಿನ ಶೆಡ್ಡು, ಅನುಮತಿಯಿಲ್ಲದೆ ಮಹಡಿಯ ಮೇಲೆ ಎಬ್ಬಿಸಿದ ಕೋಣೆ. ಅವಕ್ಕೆ ಸೊನ್ನೆಯೇ ನ್ಯಾಯ. ಫಾರ್ಮ್ ಚೆನ್ನಾಗಿ ಕೆಲಸ ಮಾಡಿತು. ನಮ್ಮ ಸಂಸ್ಥೆಯ ಮುಖ್ಯಸ್ಥರಾದ ಮೂರ್ತಿ ಸರ್ ಹೊಸ ಗಿರಾಕಿಗಳಿಗೆಲ್ಲ ಅದನ್ನೇ ತೋರಿಸತೊಡಗಿದರು.

ಕಡಲ ಊರಿನ ಕೆಲಸ ನಮಗೆ ಸಿಕ್ಕಿದ್ದೂ ಆ ಫಾರ್ಮಿನಿಂದಲೇ. ಉತ್ತರ ಕನ್ನಡದ ಕರಾವಳಿಯಲ್ಲಿ ಪ್ರವಾಸಿಗರನ್ನೇ ನಂಬಿ ಬದುಕುವ ಊರು ಅದು. ಹೆಸರು ಬರೆಯುವುದಿಲ್ಲ. ಅಲ್ಲಿ ಕೆಲವರ ಕಟ್ಟಡಕ್ಕೆ ನಾವು ಕೆಡವಬೇಕೆಂಬ ಕೆಂಪು ಚೀಟಿ ಅಂಟಿಸಿದ್ದೇವೆ, ಅವರು ಇಂದಿಗೂ ಅಲ್ಲೇ ಇದ್ದಾರೆ. ಮೇ ತಿಂಗಳ ಚಂಡಮಾರುತವೊಂದು ಊರಿನ ಕಡಲಂಚನ್ನು ಒಂದು ದಿನ, ಒಂದು ರಾತ್ರಿ ಜಾಲಾಡಿಸಿತ್ತು. ಪುನರ್ನಿರ್ಮಾಣಕ್ಕೆಂದು ಮಾಡಿದ ಸಮಿತಿಯೊಂದು, ಕಡಲಿಗೆ ಮುಖ ಮಾಡಿದ ಹತ್ತೊಂಬತ್ತು ವಸತಿ ಕಟ್ಟಡಗಳಲ್ಲಿ ಯಾವುದನ್ನು ಉಳಿಸಬಹುದು, ಯಾವುದನ್ನು ಕೆಡವಬೇಕು ಎಂದು ನಮ್ಮಿಂದ ಪಟ್ಟಿ ಕೇಳಿತು.

ಪಟ್ಟಿಯ ತೂಕ ಎಷ್ಟೆಂದು ಇಲ್ಲಿಯೇ ಹೇಳಿಬಿಡಬೇಕು. ಕಡಲಂಚಿನ ನಿಯಮದ ಪ್ರಕಾರ ನೀರಿಗೆ ಅಷ್ಟು ಹತ್ತಿರ ಹೊಸದಾಗಿ ಕಟ್ಟಲು ಅನುಮತಿ ಸಿಗುವುದು ಹೆಚ್ಚುಕಡಿಮೆ ಅಸಾಧ್ಯ. ಇದ್ದದ್ದನ್ನು ರಿಪೇರಿ ಮಾಡಿಕೊಳ್ಳಬಹುದು. ಆದ್ದರಿಂದ ಕೆಂಪು ಚೀಟಿ ಬಿದ್ದ ಕಟ್ಟಡ ಒಮ್ಮೆ ನೆಲಕ್ಕೆ ಬಿದ್ದರೆ ಆ ಮನೆತನದ ಕಸುಬೂ ಅಲ್ಲಿಗೆ ಮುಗಿದಂತೆ.

ನಾನು ಮತ್ತು ನಮ್ಮ ಹಿರಿಯ ಟೆಕ್ನೀಷಿಯನ್ ನಜೀರ್ ಭಾಯ್ ಜೂನ್ ಮೊದಲ ವಾರ ಅಲ್ಲಿಗೆ ಹೋದೆವು. ನಜೀರ್ ಭಾಯ್ ಗೊರಗುಂಟೆಪಾಳ್ಯದವರು, ಐವತ್ತು ದಾಟಿದವರು, ಕಾಂಕ್ರೀಟ್ ಬಡಿಯುವುದರಲ್ಲಿ ನನ್ನ ವಯಸ್ಸಿನಷ್ಟು ಅನುಭವವಿರುವವರು.  ಪ್ರವಾಸಿಗರನ್ನು ಪ್ಯಾರಾಚೂಟಿನಲ್ಲಿ ಆಕಾಶಕ್ಕೆ ಎಳೆಯುವ ದೋಣಿ ಊರಿನ ಶಾಲೆಯ ಅಂಗಳದಲ್ಲಿ ಮಗುಚಿಕೊಂಡಿತ್ತು. ಒಂದು ರೆಸಾರ್ಟಿನ ಈಜುಕೊಳದಲ್ಲಿ ದಂಡೆಯ ಮರಳು ಅಂಚಿನವರೆಗೆ ತುಂಬಿತ್ತು. ಆದರೆ ಜನ ತಲೆಯ ಮೇಲೆ ಕೈ ಹೊತ್ತು ಕೂತಿದ್ದರೆಂದುಕೊಳ್ಳಬೇಡಿ. ಮುರಿದ ಬಾಗಿಲೊಂದನ್ನು ರಸ್ತೆಯಂಚಿಗೆ ನಿಲ್ಲಿಸಿ ಅದರ ಮೇಲೆ ಸುಣ್ಣದಲ್ಲಿ ಯಾರೋ ಬರೆದಿದ್ದರು: ‘ಊಟ ಇದೆ. ಕುರ್ಚಿ ನೀವೇ ತನ್ನಿ.’

ಆ ಬಾಗಿಲು ನಾಗವೇಣಿಯವರದು. ಐವತ್ತೈದರ ಆಸುಪಾಸಿನ ಹೆಂಗಸು. ಗಂಡ ತೀರಿಕೊಂಡ ಮೇಲೆ ಆರು ಕೋಣೆಯ ವಸತಿಗೃಹವನ್ನು ಒಬ್ಬರೇ ನಡೆಸಿಕೊಂಡು ಬಂದವರು. ಹೆಂಚು ಅರ್ಧಕ್ಕರ್ಧ ಹಾರಿಹೋಗಿತ್ತು, ಕಾಂಪೌಂಡ್ ಉರುಳಿತ್ತು. ಗೋಡೆಗಳು ನಿಂತಿದ್ದವು. ಅವು ಚಿರೇಕಲ್ಲಿನವು, ಅಂದರೆ ಕರಾವಳಿಯಲ್ಲಿ ನೆಲದಿಂದ ಇಟ್ಟಿಗೆಯ ಹಾಗೆ ಕೊಯ್ದು ತೆಗೆಯುವ, ತೂತು ತೂತಾದ ಕೆಂಪು ಕಲ್ಲು. ಅದೇ ಅಂಗಳದಲ್ಲಿ, ಕಡಲ ಕಡೆಗೆ, ಎಂಟು ವರ್ಷದ ಹಿಂದೆ ಕಟ್ಟಿದ ಎರಡು ಕೋಣೆಯ ಕಾಂಕ್ರೀಟ್ ಕಟ್ಟಡವಿತ್ತು. ಎಸಿ, ಗಾಜಿನ ಬಾಗಿಲು, ಬಿಳಿ ಬಣ್ಣ. ಅಕ್ಟೋಬರಿನಲ್ಲಿ ಸೀಸನ್ ಶುರುವಾದರೆ ಜನ ಮೊದಲು ಕೇಳುವುದು ಆ ಎರಡು ಕೋಣೆಗಳನ್ನೇ ಎಂದು ಅವರು ಹೆಮ್ಮೆಯಿಂದ ಹೇಳಿದರು.

ನಜೀರ್ ಭಾಯ್ ರಿಬೌಂಡ್ ಹ್ಯಾಮರ್ ತೆಗೆದರು. ಸ್ಪ್ರಿಂಗ್ ಇರುವ ಕೊಳವೆಯಂಥ ಸಾಧನ ಅದು. ಕಾಂಕ್ರೀಟಿಗೆ ಒತ್ತಿದರೆ ಒಳಗಿನ ಸುತ್ತಿಗೆ ಬಡಿದು ಹಿಂದಕ್ಕೆ ಪುಟಿಯುತ್ತದೆ. ಎಷ್ಟು ಪುಟಿಯಿತೆಂಬುದರಿಂದ ಗಟ್ಟಿತನವನ್ನು ಅಂದಾಜು ಮಾಡುತ್ತೇವೆ. ಅವರು ಚಿರೇಕಲ್ಲಿನ ಗೋಡೆಯ ಮುಂದೆ ನಿಂತು ಸಾಧನವನ್ನು ಕೆಳಗಿಳಿಸಿದರು.

“ಬೇಟಾ, ಇದು ಕಾಂಕ್ರೀಟ್‌ಗೆ ಮಾಡಿರೋದು. ಈ ಕಲ್ಲಿಗೆ ಏನ್ ಹೇಳುತ್ತೆ ಇದು?”

ಕಂಬವೇ ಇಲ್ಲವಲ್ಲ, ಹಾಗಾದರೆ ಕಂಬದ ಅಂಕ ಸೊನ್ನೆ ಎಂದು ನಾನು ತುಂಬಿದೆ. ಗೋಡೆಯ ಪಟ್ಟಿಯಲ್ಲಿ ‘ಇತರೆ’ ಒತ್ತಿದೆ. ಮತ್ತೊಂದು ಸೊನ್ನೆ. ನೂರರಲ್ಲಿ ನಲವತ್ತೈದು ಅಂಕ ಹೋಗಿದ್ದು ಬೆರಳಿನ ಎರಡು ಸ್ಪರ್ಶದಲ್ಲಿ. ಹೆಂಚು, ಅದರಡಿಯ ಮಾಡಿನ ರೀಪು ಪಟ್ಟಿ ಹಾಳಾದದ್ದಕ್ಕೆ ಇನ್ನಷ್ಟು ಕಳೆದು ಮೂವತ್ತೊಂದು ಬಂತು. ಕೆಂಪು. ಪಕ್ಕದ ಕಾಂಕ್ರೀಟ್ ಕಟ್ಟಡಕ್ಕೆ ಅರವತ್ತೆಂಟು. ಹಸಿರು.

ನಾಗವೇಣಿಯವರು ನನ್ನ ಹೆಗಲ ಮೇಲಿಂದ ಟ್ಯಾಬ್ಲೆಟ್ ನೋಡುತ್ತಿದ್ದರು. ಕಲ್ಲಿನ ಹೆಸರು ಎಲ್ಲಿದೆ ಎಂದು ಕೇಳಿದರು. ‘ಇತರೆ’ಯಲ್ಲಿ ಬರುತ್ತದೆ ಎಂದೆ.

“ಈ ಊರಲ್ಲಿ ಅರ್ಧಕ್ಕರ್ಧ ಮನೆ ಈ ಕಲ್ಲಿಂದೇ. ನಿಮ್ಮ ಫಾರ್ಮಲ್ಲಿ ಅದಕ್ಕೊಂದು ಹೆಸರೂ ಇಲ್ಲ ಅಂದ್ರೆ ಎಂತದು ತಂಗಿ?”

ನಾನು ವಾದಕ್ಕಿಳಿದೆ. ಹೆಸರು ಮುಖ್ಯವಲ್ಲ, ಗುಣ ಮುಖ್ಯ ಎಂದೆ. ಚಂಡಮಾರುತದಲ್ಲಿ ಗೋಡೆ ನಿಂತಿದೆ ಎಂಬುದು ಮುಂದಿನ ಸಲವೂ ನಿಲ್ಲುತ್ತದೆ ಎಂಬುದಕ್ಕೆ ಪುರಾವೆಯಲ್ಲ ಎಂದೆ. ಹೆಲ್ಮೆಟ್ ಇಲ್ಲದೆ ಹೋಗಿ ಒಮ್ಮೆ ಬದುಕಿದವನು ಹೆಲ್ಮೆಟ್ ಬೇಡ ಎನ್ನಬಹುದೇ ಎಂದೂ ಕೇಳಿದೆ.  ಅವರು ತಮ್ಮ ಮಾವ ಕಲ್ಲನ್ನು ಕೊಯ್ದು ತಂದು ಒಂದು ಮಳೆಗಾಲ ಪೂರ್ತಿ ಅಂಗಳದಲ್ಲಿ ನೆನೆಯಲು ಬಿಟ್ಟು, ಪುಡಿಯಾದದ್ದನ್ನು ಎಸೆದು, ಉಳಿದದ್ದರಲ್ಲಿ ಮಾತ್ರ ಈ ಗೋಡೆ ಎಬ್ಬಿಸಿದರೆಂದು ಹೇಳಿದರು. ಅದು ಚಂದದ ಕಥೆ, ಅಳತೆಯಲ್ಲ ಎಂದೆ. ಕೆಂಪು ಚೀಟಿಯನ್ನು ಬಾಗಿಲಿಗೆ ಅಂಟಿಸಿದೆ. ಅವರು ನನ್ನನ್ನು ತಡೆಯಲಿಲ್ಲ, ಚೀಟಿಯನ್ನು ಕೀಳಲೂ ಇಲ್ಲ. ಪಕ್ಕದಲ್ಲಿ ನಿಂತು ಹಾಳಾದ ಮಾಡಿಗೆ ಹೊಸ ರೀಪು ಅಳೆಯತೊಡಗಿದರು, ಚೀಟಿ ಅಲ್ಲಿಲ್ಲವೇನೋ ಎಂಬಂತೆ.

 ವಾಪಸ್ ಬರುವಾಗ ತುಮಕೂರಿನ ಹತ್ತಿರ ನಜೀರ್ ಭಾಯ್ ಹೇಳಿದ್ದು ಒಂದೇ ಮಾತು: “ಮಾತಲ್ಲಿ ನೀನೇ ಗೆದ್ದೆ. ಗೋಡೆ ಹತ್ರ ಮಾತಾಡ್ಲೇ ಇಲ್ಲ.”

ಸೋಮವಾರ ಬೆಳಿಗ್ಗೆ ಸಂಜಯನಗರದ ಆಫೀಸಿನಲ್ಲಿ ಹತ್ತೊಂಬತ್ತೂ ಫಾರ್ಮುಗಳನ್ನು ಒಂದು ಪಟ್ಟಿಗೆ ಇಳಿಸಿ ಅಂಕದ ಪ್ರಕಾರ ಜೋಡಿಸಿದೆ. ಹನ್ನೊಂದು ಕೆಂಪು, ಎಂಟು ಹಸಿರು. ಗೋಡೆಯ ಕಾಲಂ ಕಣ್ಣಿಗೆ ಬಿತ್ತು. ಹನ್ನೊಂದಕ್ಕೆ ಹನ್ನೊಂದೂ ‘ಇತರೆ’. ಎಂಟಕ್ಕೆ ಎಂಟೂ ಆರ್‌ಸಿಸಿ.

ಎದುರಾಳಿಯೊಬ್ಬ ಇಂಥ ಪಟ್ಟಿ ತಂದಿದ್ದರೆ ನಾನು ಅವನನ್ನು ವೇದಿಕೆಯ ಮೇಲೆಯೇ ಸೀಳಿಹಾಕುತ್ತಿದ್ದೆ. ಒಂದೂ ತಪ್ಪದೆ ಹೀಗೆ ಬೇರೆಯಾಗಿದೆ ಎಂದರೆ ನೀನು ಅಳೆದದ್ದು ಕಟ್ಟಡವನ್ನಲ್ಲ, ನಿನ್ನ ವ್ಯಾಖ್ಯೆಯನ್ನು ಎನ್ನುತ್ತಿದ್ದೆ. ಕೋಗಿಲಿನ ತಗಡಿನ ಶೆಡ್ಡಿಗೆ ಕೊಟ್ಟ ಸೊನ್ನೆಯನ್ನು ನಾನು ಕರಾವಳಿಯ ಕಲ್ಲಿಗೆ ಕೊಟ್ಟಿದ್ದೆ. ಆ ಕಲ್ಲಿಗೆ ನಮ್ಮ ದೇಶದ್ದೇ ಪ್ರತ್ಯೇಕ ಸ್ಟ್ಯಾಂಡರ್ಡ್ ಇದೆ. ಚದರ ಮಿಲಿಮೀಟರಿಗೆ ಕನಿಷ್ಠ ಮೂರೂವರೆ ನ್ಯೂಟನ್ ಒತ್ತಡ ತಾಳಬೇಕು ಎಂದು ಅದರಲ್ಲಿ ಬರೆದಿದೆ. ಬಳಸುವ ಮೊದಲು ಬಯಲಿನಲ್ಲಿಟ್ಟು ಹದಗೊಳಿಸಬೇಕೆಂಬ ಸಲಹೆಯೂ ನಮ್ಮ ವೃತ್ತಿಯ ಕೈಪಿಡಿಗಳಲ್ಲಿದೆ. ಚಂದದ ಕಥೆ ಎಂದು ನಾನು ತಳ್ಳಿಹಾಕಿದ್ದ ಮಳೆಗಾಲ ಅದು. ನಾನು ಕೈಪಿಡಿ ತೆರೆದು ನೋಡಿರಲಿಲ್ಲ, ಅಷ್ಟೆ.

ಮೂರ್ತಿ ಸರ್ ಬಳಿ ಹೋಗಿ ಪಟ್ಟಿಗೆ ಸಹಿ ಹಾಕುವುದಿಲ್ಲ ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನೋಡಮ್ಮಾ, ಫಾರ್ಮ್ ನಿಂದು. ಅದನ್ನ ತೋರಿಸೇ ಈ ಕೆಲಸ ತಗೊಂಡಿದ್ದು. ಈಗ ನೀನೇ ಬಂದು ಸರಿಯಿಲ್ಲ ಅಂದ್ರೆ ನಾನ್ ಯಾವ ಮುಖ ಇಟ್ಕೊಂಡು ಅವ್ರ ಹತ್ರ ಹೋಗ್ಲಿ?”

“ನನ್ನ ಮುಖ ತಗೊಂಡೋಗಿ ಸರ್. ಫಾರ್ಮ್ ಬರೆದವಳೇ ಅದು ತಪ್ಪು ಅಂತ ಬರ್ಕೊಡ್ತಾಳೆ. ಬೇರೆ ಯಾರ ಕೈಲಿ ಸಹಿ ಹಾಕ್ಸಿದ್ರೂ ಆ ಕಾಗದಾನೂ ಜೊತೆಗೆ ಇಡಿ.”

ಮೂರ್ತಿ ಸರ್ ಕೆಟ್ಟವರಲ್ಲ. ಸಮಿತಿಗೆ ಶುಕ್ರವಾರದೊಳಗೆ ಪಟ್ಟಿ ಕೊಡುತ್ತೇನೆಂದು ಮಾತು ಕೊಟ್ಟಿದ್ದರು, ಅವರ ಕಷ್ಟ ಅವರಿಗೆ. ಆದರೆ ನನ್ನಂತೆ ವಾದವನ್ನು ನಂಬುವವರಲ್ಲ. ಶುಕ್ರವಾರದವರೆಗೆ ಸಮಯ ಕೊಟ್ಟರು. “ಭಾಷಣ ಬೇಡ. ನಂಬರ್ ತಾ.”

ನಂಬರಿಗೆ ಕಲ್ಲು ಬೇಕು. ಗೋಡೆ ಒಡೆಯುವಂತಿಲ್ಲ. ಆಗ ನೆನಪಾದದ್ದು ನಾಗವೇಣಿಯವರ ಉರುಳಿದ ಕಾಂಪೌಂಡ್. ಮನೆ ಕಟ್ಟಿ ಮಿಕ್ಕಿದ ಕಲ್ಲಿನಿಂದಲೇ ಅದನ್ನು ಕಟ್ಟಿದ್ದೆಂದು ಅವರು ಹೇಳಿದ್ದರು. ಫೋನ್ ಮಾಡಿದೆ. ನಾನು ಯಾರೆಂದು ಹೇಳಿದೆ. ನನ್ನ ಲೆಕ್ಕ ತಪ್ಪಿರಬಹುದು, ಖಚಿತವಾಗಿ ಹೇಳಲು ಐದು ಕಲ್ಲು ಬೇಕು ಎಂದೆ. ಆರಿಸಿ ತೆಗೆಯಬಾರದು, ಬಿದ್ದ ಸಾಲಿನ ಒಂದು ತುದಿಯಿಂದ ಎಣಿಸುತ್ತ ಪ್ರತಿ ಏಳನೆಯದನ್ನು ತೆಗೆಯಬೇಕು, ಎಣಿಸುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಸಬೇಕು ಎಂದೂ ಸೇರಿಸಿದೆ.

“ನನ್ನ ಮೇಲೆ ಅನುಮಾನವೋ?”

“ಎಲ್ಲರ ಮೇಲೂ ಅಕ್ಕಾ. ಈ ಸಲ ನನ್ನ ಮೇಲೂ.”

“ಹಾಂಗಾದ್ರೆ ಅಡ್ಡಿಲ್ಲ. ನಾನೇ ತಕಂಡು ಬರ್ತೆ.”

ಬುಧವಾರ ಬೆಳಿಗ್ಗೆ ಆರೂವರೆಗೆ ಅವರ ಬಸ್ಸು ಗೊರಗುಂಟೆಪಾಳ್ಯಕ್ಕೆ ಬಂತು. ನಜೀರ್ ಭಾಯ್ ಮನೆಯ ಪಕ್ಕದವರ ಗೂಡ್ಸ್ ಆಟೊ ತಂದು ಸಿದ್ಧರಾಗಿದ್ದರು. ಫ್ಲೈಓವರಿನ ಕೆಳಗೆ, ಪೀಣ್ಯಕ್ಕೆ ಕೆಲಸಕ್ಕೆ ಹೊರಟವರ ನೂಕುನುಗ್ಗಲಿನ ನಡುವೆ, ಬಸ್ಸಿನ ಹೊಟ್ಟೆಯಿಂದ ಐದು ಗೋಣಿಚೀಲ ಇಳಿದವು. ಒಂದೊಂದೂ ಮೂವತ್ತು ಕಿಲೋಗೆ ಹತ್ತಿರ. ಕಂಡಕ್ಟರ್ ಒಳಗೇನು ಬಂಗಾರವೇ ಎಂದು ರಾತ್ರಿಯೆಲ್ಲ ಛೇಡಿಸಿದನಂತೆ. ಮನೆ ಎಂದರಂತೆ ಇವರು. ಅವರನ್ನು ನಮ್ಮ ಆರ್.ಟಿ. ನಗರದ ಮನೆಗೆ ಕರೆದೊಯ್ಯುವ ಆಸೆಯಿತ್ತು. ಆದರೆ ನಾಳೆ ಯಾರಾದರೂ ಪರೀಕ್ಷೆ ಮಾಡಿದವಳ ಮನೆಯಲ್ಲೇ ಉಂಡವರು ಎನ್ನಬಾರದಲ್ಲ. ಹೆಬ್ಬಾಳದಲ್ಲಿದ್ದ ಅವರ ನಾದಿನಿಯ ಮನೆಗೆ ಕಳಿಸಿದೆ.

ನಮ್ಮ ಪರೀಕ್ಷಾ ಶೆಡ್ಡು ಯಶವಂತಪುರದಲ್ಲಿದೆ. ಒಣಗಿದ ಕಲ್ಲು ಸುಳ್ಳು ಹೇಳುತ್ತದೆ, ನೆನೆದಾಗ ಅದರ ಶಕ್ತಿ ಇಳಿಯುತ್ತದೆ. ಹಾಗಾಗಿ ಐದನ್ನೂ ಒಂದು ಹಗಲು ಒಂದು ರಾತ್ರಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟೆವು. ಗುರುವಾರ ಮಧ್ಯಾಹ್ನ ಮೂರ್ತಿ ಸರ್ ಖುದ್ದಾಗಿ ಬಂದು ಯಂತ್ರದ ಪಕ್ಕ ನಿಂತರು. ನಾಗವೇಣಿಯವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲ ಬಳಿ ನಿಂತರು. ಕಂಪ್ರೆಶನ್ ಯಂತ್ರವೆಂದರೆ ಎರಡು ಉಕ್ಕಿನ ತಟ್ಟೆ. ನಡುವೆ ಇಟ್ಟ ಕಲ್ಲು ಒಡೆಯುವವರೆಗೆ ಅವು ಒತ್ತುತ್ತ ಹೋಗುತ್ತವೆ. ಮೊದಲ ಕಲ್ಲು ಒಡೆದ ಸದ್ದಿಗೆ ನಾಗವೇಣಿಯವರು ಕಣ್ಣು ಮುಚ್ಚಿದರು. ಮೂರು ಪಾಯಿಂಟ್ ಒಂಬತ್ತು. ಎರಡನೆಯದು ನಾಲ್ಕು ಪಾಯಿಂಟ್ ಒಂದು. ಮೂರನೆಯದು ನಾಲ್ಕು ಪಾಯಿಂಟ್ ನಾಲ್ಕು. ನಾಲ್ಕನೆಯದು ಮೂರು ಪಾಯಿಂಟ್ ಏಳಕ್ಕೇ ಒಡೆಯಿತು. ಐದನೆಯದು ನಾಲ್ಕು ಪಾಯಿಂಟ್ ಆರು. ಬೇಕಾದದ್ದು ಮೂರೂವರೆ. ನೀರು ಕುಡಿದೂ ಒಂದೇ ಒಂದು ಕಲ್ಲು ಅದಕ್ಕಿಂತ ಕೆಳಗಿಳಿಯಲಿಲ್ಲ.

ಮೂರ್ತಿ ಸರ್ ಒಂದೊಂದೇ ಪ್ರಶ್ನೆ ಎಸೆದರು. ಒಳ್ಳೆಯ ಕಲ್ಲನ್ನೇ ಆರಿಸಿ ತಂದಿದ್ದರೆ? ವಿಡಿಯೊ ತೋರಿಸಿದೆ. ನಾಗವೇಣಿಯವರು ಒಂದು, ಎರಡು ಎಂದು ಗಟ್ಟಿಯಾಗಿ ಎಣಿಸುತ್ತ, ಏಳನೆಯದು ಮೂಲೆ ಮುರಿದದ್ದಾದರೂ ಗೊಣಗುತ್ತಲೇ ಅದನ್ನೇ ಎತ್ತಿಕೊಂಡಿದ್ದರು. ಕಲ್ಲು ಗಟ್ಟಿಯಿದ್ದರೆ ಗೋಡೆ ಗಟ್ಟಿಯೇ? ಇಲ್ಲ, ಅದನ್ನು ಹೋಗಿ ನೋಡಬೇಕು ಎಂದೆ. ಉಳಿದ ಹತ್ತು ಕಟ್ಟಡ ಸುರಕ್ಷಿತವೇ? ಗೊತ್ತಿಲ್ಲ ಎಂದೆ. “ಅವು ಗಟ್ಟಿ ಅಂತ ನಾನ್ ಹೇಳ್ತಿಲ್ಲ ಸರ್. ಗಟ್ಟಿಯಿಲ್ಲ ಅಂತ ಹೇಳೋಕೆ ನಮ್ಮ ಫಾರ್ಮ್‌ಗೆ ಯೋಗ್ಯತೆ ಇಲ್ಲ ಅಂತಿದೀನಿ.”

ಶುಕ್ರವಾರ ಪಟ್ಟಿ ಹೋಗಲಿಲ್ಲ. ಸಮಿತಿಯವರು ಫೋನಿನಲ್ಲಿ ಕೂಗಾಡಿದ್ದು ಗಾಜಿನ ಬಾಗಿಲಾಚೆಗೂ ಕೇಳಿಸಿತು. ಫಾರ್ಮ್ ನಮ್ಮದು, ತಪ್ಪೂ ನಮ್ಮದು, ಮೂರು ವಾರ ಕೊಡಿ ಎಂದು ಮೂರ್ತಿ ಸರ್ ಎರಡು ಸಲ ಹೇಳಿದರು. ನನ್ನ ಹೆಸರನ್ನು ಒಮ್ಮೆಯೂ ಎತ್ತಲಿಲ್ಲ.

ಮತ್ತೆ ಹೋದಾಗ ಟ್ಯಾಬ್ಲೆಟ್ಟನ್ನು ಚೀಲದಿಂದ ಹೊರತೆಗೆಯಲಿಲ್ಲ. ಹತ್ತೊಂಬತ್ತೂ ಕಟ್ಟಡಗಳನ್ನು ಮೊದಲಿನಿಂದ ನೋಡಿದೆವು. ಅಲೆ ಬುಡದ ಮಣ್ಣು ಕೊರೆದಿದೆಯೇ ಎಂದು ಅಡಿಪಾಯ ಅಗೆಸಿದೆವು. ಕಲ್ಲುಗಳ ನಡುವಿನ ಗಾರೆ ಕೆರೆದು ನೋಡಿದೆವು. ಕೆಂಪಾಗಿದ್ದ ಹನ್ನೊಂದರಲ್ಲಿ ಏಳು ರಿಪೇರಿಯಿಂದ ಉಳಿಯುವಂತಿದ್ದವು, ನಾಗವೇಣಿಯವರ ಹಳೆಯ ಮನೆ ಅವುಗಳಲ್ಲೊಂದು. ನಾಲ್ಕು ನಿಜಕ್ಕೂ ಅಪಾಯದಲ್ಲಿದ್ದವು, ಕೆಂಪಾಗಿಯೇ ಉಳಿದವು. ಆ ಮಾಲೀಕರು ನಮ್ಮನ್ನು ಬೈದರು, ಬೈಯುವ ಹಕ್ಕು ಅವರಿಗಿತ್ತು.

ನಾಗವೇಣಿಯವರ ಅಂಗಳದಲ್ಲಿ ಕೆಲಸ ಮುಗಿಯಿತೆಂದು ನಾನು ಹೊರಟಿದ್ದೆ. ನಜೀರ್ ಭಾಯ್ ಕದಲಲಿಲ್ಲ. ಬಿಳಿ ಕಟ್ಟಡದ ಕಂಬದ ಬುಡವನ್ನು ಬೆರಳಿನಿಂದ ತಟ್ಟುತ್ತ ನಿಂತಿದ್ದರು.

“ಕೆಂಪಿಗೆ ಮಾತ್ರ ಅನುಮಾನಾನಾ ಬೇಟಾ? ಹಸಿರಿಗೆ ಇಲ್ವಾ?”

ರಿಬೌಂಡ್ ಹ್ಯಾಮರ್ ಕಾಂಕ್ರೀಟಿನ ಮೇಲ್ಮೈಯನ್ನಷ್ಟೇ ಕೇಳಿ ಬರುತ್ತದೆ. ಒಳಗೆ ಕಂಬಿ ತುಕ್ಕು ಹಿಡಿದಿದ್ದರೆ ಅದಕ್ಕೆ ತಿಳಿಯುವುದಿಲ್ಲ. ಕೋಗಿಲಿನಲ್ಲಿ ಅದು ದೊಡ್ಡ ವಿಷಯವಲ್ಲ, ಉಪ್ಪಿನ ಗಾಳಿಯಲ್ಲಿ ಅದೇ ದೊಡ್ಡ ವಿಷಯ. ನಾಗವೇಣಿಯವರ ಒಪ್ಪಿಗೆ ಕೇಳಿ, ಹೊಸ ಬಣ್ಣದ ಕೆಳಗೆ ಉಳಿಯಿಂದ ಸ್ವಲ್ಪ ಕೆತ್ತಿದೆವು. ಕಂಬಿಯ ಮೇಲಿನ ಕಾಂಕ್ರೀಟ್ ಹೊದಿಕೆ ಒಂದು ಬೆರಳಿನಷ್ಟೂ ದಪ್ಪವಿರಲಿಲ್ಲ. ಕಂಬಿ ಹಪ್ಪಳದ ಹಾಗೆ ಪದರ ಪದರವಾಗಿ ಕೈಗೆ ಬಂತು. ನಾಲ್ಕು ಕಂಬಗಳಲ್ಲೂ ಅದೇ ಕಥೆ. ನನ್ನ ಫಾರ್ಮ್ ಅರವತ್ತೆಂಟು ಅಂಕ ಕೊಟ್ಟು ಪಾಸು ಮಾಡಿದ ಕಟ್ಟಡ, ಅವರ ಎಸಿ ಕೋಣೆಗಳು. ಆ ಸಾಲಿನ ಎಂಟು ಹಸಿರುಗಳಲ್ಲಿ ಮೂರರ ಸ್ಥಿತಿ ಹೀಗೆಯೇ ಇತ್ತು.

 ಆ ಎಸಿ ಕೋಣೆಗಳೇ ನಾಗವೇಣಿಯವರ ಸೀಸನ್ನಿನ ಜೀವ. ಬಸ್ಸಿನ ಹೊಟ್ಟೆಯಲ್ಲಿ ಐದು ಕಲ್ಲು ಹೊತ್ತು ತಂದವರಿಗೆ ನಾನು ಕೊಡುತ್ತಿದ್ದುದು ಇನ್ನೊಂದು ಕೆಂಪು ಚೀಟಿ. ವಾದಗಳೆಲ್ಲ ಸಿದ್ಧವಿದ್ದವು, ಒಂದನ್ನೂ ಬಳಸಲಿಲ್ಲ. ತುಕ್ಕಿನ ಪದರವನ್ನು ಅವರ ಅಂಗೈಗೆ ಹಾಕಿದೆ. ಅವರು ಅದನ್ನು ಹೆಬ್ಬೆರಳಿನಿಂದ ತಿಕ್ಕಿದರು. ಪುಡಿಯಾಯಿತು. ಕಡಲಿನ ಕಡೆ ಒಮ್ಮೆ ನೋಡಿ, ಕೈಯನ್ನು ಸೆರಗಿಗೆ ಒರೆಸಿಕೊಂಡರು.

“ಆವತ್ತು ನೋಡದೆ ಚೀಟಿ ಹಚ್ಚಿದ್ರಿ. ಇವತ್ತು ನೋಡಿ ಹಚ್ತೀರಿ. ಹಚ್ಚಿ ತಂಗಿ. ಮಾವನ ಆರು ಕೋಣೆ ಉಂಟಲ್ಲ, ಅಲ್ಲೇ ಸೀಸನ್ ಮಾಡ್ತೆ.”

ಮಾಡಿದರು. ಅಕ್ಟೋಬರಿನಲ್ಲಿ ನಜೀರ್ ಭಾಯ್ ಮೊಬೈಲಿಗೆ ಒಂದು ಫೋಟೊ ಬಂತು. ಆರು ಕೋಣೆಗೂ ಹೊಸ ಹೆಂಚು. ಅದೇ ಮುರಿದ ಬಾಗಿಲು ರಸ್ತೆಯಂಚಿನಲ್ಲಿ ನಿಂತಿತ್ತು, ‘ಊಟ ಇದೆ’ ಎಂಬುದರ ಕೆಳಗಿನ ಸಾಲನ್ನು ಅಳಿಸಿ ‘ಎಸಿ ಇಲ್ಲ, ಗೋಡೆ ಇದೆ’ ಎಂದು ಬರೆದಿದ್ದರು.

ಈ ಕಥೆ ಕೇಳಿದ ಕೆಲವರು ಕೊನೆಗೂ ಹಳಬರ ಅನುಭವವೇ ದೊಡ್ಡದು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಅನುಭವವನ್ನೂ ತೊಟ್ಟಿಯಲ್ಲಿ ನೆನೆಸಿ ಯಂತ್ರಕ್ಕೆ ಕೊಟ್ಟ ಮೇಲೆಯೇ ನಾವು ನಂಬಿದ್ದು. ಇನ್ನು ಕೆಲವರು ನಾನು ಭಾವುಕಳಾದೆ ಎನ್ನುತ್ತಾರೆ. ಮೂರು ಪಾಯಿಂಟ್ ಏಳರಲ್ಲಿ ಭಾವ ಎಲ್ಲಿದೆ ತೋರಿಸಲಿ. ಫಾರ್ಮ್ ಈಗಲೂ ಇದೆ, ಈಗಲೂ ನನ್ನದೇ. ಒಂದೇ ಬದಲಾವಣೆ ಮಾಡಿದ್ದೇನೆ: ‘ಇತರೆ’ ಒತ್ತಿದರೆ ಅಂಕ ಬರುವುದಿಲ್ಲ, ಫಾರ್ಮ್ ಅಲ್ಲಿಗೇ ನಿಂತುಬಿಡುತ್ತದೆ. ಅದೇನೆಂದು ತಿಳಿದುಕೊಳ್ಳದೆ ಮುಂದಕ್ಕೆ ಬಿಡುವುದಿಲ್ಲ. ಹೊಸಬರು ಬೈದುಕೊಳ್ಳುತ್ತಾರೆ.

ನಾನು ಈಗಲೂ ವಾದ ಮಾಡುತ್ತೇನೆ, ಬಹುಪಾಲು ಗೆಲ್ಲುತ್ತೇನೆ. ಗೆದ್ದ ದಿನ ಮಾತ್ರ ಮನೆಗೆ ಹೊರಡುವ ಮುನ್ನ ಒಮ್ಮೆ ವಾಪಸ್ ಹೋಗಿ ಗೋಡೆ ಮುಟ್ಟಿ ನೋಡಿ ಬರುತ್ತೇನೆ.